ಸಾವಿನ ಮನೆಯಲ್ಲಿ ಆಡಬಾರದ ಮಾತು

ಪಕ್ಕದ ಮನೆಯ ಯಹೂದಿ ಹೆಂಗಸಿಗೆ ನನ್ನ ಹೆಂಡತಿ ಇಟ್ಟಿದ್ದ ಹೆಸರು ‘ಮಡಿ ಅಜ್ಜಿ’. ಡಲ್ಲಾಸ್‌ನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಬೇಲಿ. ನಮ್ಮ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಇಡೀ ಹಣ್ಣು ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಹೆಚ್ಚಿದ್ದು ಬೇಡ.

“ನಿಮ್ಮ ಸೋದರತ್ತೆ ಹತ್ರ ಟ್ರೈನಿಂಗ್ ತಗೊಂಡಿರ್ಬೇಕು ರೀ” ಎಂದು ಇವಳು ನಗುತ್ತಿದ್ದಳು.

ಬೇಲಿಯ ಮೇಲಿನ ಹರಟೆಯಲ್ಲಿ ಇವಳು ಅವರಿಗೆ ಒಂದೇ ಒಂದು ಕನ್ನಡ ಮಾತು ಕಲಿಸಿದ್ದಳು: ‘ಹೋಗಿ ಬರ್ತೀನಿ.’ ಬರೀ ಹೋಗ್ತೀನಿ ಅನ್ನಬಾರದು, ಬರ್ತೀನಿ ಅಂತ ಸೇರಿಸಬೇಕು ಎಂದು ಪಾಠ. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಅದನ್ನು ಹೇಳಬಾರದು, ಸುಮ್ಮನೆ ಎದ್ದು ಹೋಗಬೇಕು ಎಂಬುದನ್ನು ಕಲಿಸಲಿಲ್ಲ. ಅದನ್ನು ಹೇಳುವ ಸಂದರ್ಭ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಒಂದು ಮಂಗಳವಾರ ಬೆಳಗ್ಗೆ ಫಿಲ್ಟರಿಗೆ ಕಾಫಿಪುಡಿ ಹಾಕಿ, ಬಿಸಿನೀರು ಸುರಿದು, ಸೋಫಾ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಡಿಕಾಕ್ಷನ್ ಮಾತ್ರ ಪೂರ್ತಿ ಇಳಿದಿತ್ತು.

ಮಾರನೆಯ ದಿನದಿಂದ ಮನೆ ತುಂಬ ನಮ್ಮ ಜನ. ಸುತ್ತಲಿನ ಊರುಗಳಿಂದ ಮೆಕಿನ್ನಿಯವರು, ಸೌತ್‌ಲೇಕ್‌ನವರು, ಎಲ್ಲರ ಬಾಯಲ್ಲೂ ಒಂದೊಂದು ಸಮಾಧಾನ. “ಪುಣ್ಯವಂತೆ, ಮುತ್ತೈದೆ ಸಾವು” ಎಂದರು ಒಬ್ಬ ಆಂಟಿ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅಜ್ಜಿ ಬೆಲ್ ಮಾಡದೆ ಒಳಗೆ ಬಂದು, ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು. ಒಂದು ಮಾತೂ ಆಡಲಿಲ್ಲ. ದುಃಖದಲ್ಲಿರುವವನು ತಾನಾಗಿ ಬಾಯಿ ಬಿಡುವವರೆಗೆ ಬಂದವರು ಮಾತಾಡಬಾರದು ಎಂಬುದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ನಾನು ಬಾಯಿ ಬಿಡಲಿಲ್ಲ. ಒಂದು ಡಬ್ಬಿಯಲ್ಲಿ ಉಪ್ಪಿಲ್ಲದ ಬೇಯಿಸಿದ ಬೇಳೆ ಇಟ್ಟು ಎದ್ದರು. ಬಾಗಿಲಲ್ಲಿ ತಿರುಗಿ, ಸ್ಪಷ್ಟವಾಗಿ, ಇವಳು ಕಲಿಸಿದ ಹಾಗೇ, “ಹೋಗಿ ಬರ್ತೀನಿ” ಎಂದರು.

“ಅಯ್ಯೋ ರಾಮ! ಸಾವಿನ ಮನೇಲಿ ಹಾಗೆ ಅನ್ಬಾರ್ದು ಅಂತ ಯಾರಾದ್ರೂ ಹೇಳಿ ಅವ್ರಿಗೆ” ಎಂದು ಆಂಟಿ ಎದೆ ಮುಟ್ಟಿಕೊಂಡರು.

ನಾನು ಹೇಳಲಿಲ್ಲ. ಇನ್ನು ಯಾವ ಅಪಶಕುನಕ್ಕೆ ಹೆದರಲಿ? ಶಾಸ್ತ್ರ ಬಲ್ಲವರೆಲ್ಲ ಏನೂ ಹೇಳದೆ ಎದ್ದು ಹೋದರು, ಹೆಚ್ಚಿನವರು ಮತ್ತೆ ಬರಲೂ ಇಲ್ಲ. ಅಜ್ಜಿ ಮಾರನೆಯ ಬೆಳಗ್ಗೆ ಬಂದರು. ಅದರ ಮಾರನೆಯ ಬೆಳಗ್ಗೆಯೂ ಬಂದರು.

ವೈಕುಂಠ ಸಮಾರಾಧನೆ ಮುಗಿದು ನನ್ನ ಮಗಳು ಆಸ್ಟಿನ್‌ಗೆ ವಾಪಸಾದ ಮೇಲೆ ನಾನು ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದೆ. ಮನೆಯಿಂದಲೇ ಕೆಲಸ. ಕ್ಯಾಮೆರಾ ಆಫ್ ಮಾಡಿ ಮಲಗಿಕೊಂಡೇ ಮೀಟಿಂಗು. ಯಾಕೆ ಏಳಬೇಕು, ಯಾರಿಗಾಗಿ? ಅಜ್ಜಿ ಬಾಗಿಲು ಬಡಿಯುತ್ತಿದ್ದರು, ತೆಗೆಯುವವರೆಗೂ ಬಡಿಯುತ್ತಿದ್ದರು. ಪ್ರತಿಸಲ ಒಂದು ಕೆಲಸ: ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗಿ, ಕಸದ ಡಬ್ಬ ರಸ್ತೆಗೆ ಎಳೆ, ಕಣ್ಣು ಕಾಣದ ಗೆಳತಿಯನ್ನು ನೋಡಬೇಕು, ಕಾರು ತೆಗಿ.

ಒಂದು ದಿನ ರೇಗಿ, ಈ ಉಪದ್ರವ ಯಾತಕ್ಕೆ ಎಂದು ಕೇಳಿಯೇಬಿಟ್ಟೆ.

“ನಮ್ಮಲ್ಲಿ ಎಚ್ಚರವಾದ ತಕ್ಷಣ, ಕಾಲು ನೆಲಕ್ಕೆ ಊರುವ ಮೊದಲೇ ದೇವರಿಗೆ ಕೃತಜ್ಞತೆ ಹೇಳುತ್ತೇವೆ” ಎಂದರು ತಮ್ಮ ಇಂಗ್ಲಿಷಿನಲ್ಲಿ. “ರಾತ್ರಿ ಅವನ ಕೈಗೆ ಕೊಟ್ಟಿದ್ದ ಪ್ರಾಣವನ್ನು ನಂಬಿಕೆಯಿಟ್ಟು ವಾಪಸ್ ಕೊಟ್ಟಿದ್ದಾನೆ. ಕೊಟ್ಟಿದ್ದಾನೆ ಅಂದರೆ ಇವತ್ತು ನಿನ್ನಿಂದ ಆಗಬೇಕಾದ್ದು ಏನೋ ಇದೆ.”

“ಹಾಗಾದರೆ ನನ್ನ ಹೆಂಡತಿಯ ಕೆಲಸ ಮುಗಿದಿತ್ತೇ?” ನನ್ನ ದನಿ ಏರಿತ್ತು. “ಕಾಫಿ ಕೂಡ ಬೆರೆಸಿರಲಿಲ್ಲ ಅವಳು.”

ಅವರ ಕಣ್ಣು ಒದ್ದೆಯಾಗಿತ್ತು. “ಅದು ನನಗೆ ಗೊತ್ತಿಲ್ಲ” ಎಂದರು. “ನಿನ್ನದು ಮುಗಿದಿಲ್ಲ, ಅಷ್ಟು ಗೊತ್ತು. ನನ್ನ ಕಸದ ಡಬ್ಬ ಇನ್ನೂ ಒಳಗೇ ಇದೆ.”

ಬೈದುಕೊಳ್ಳುತ್ತಲೇ ಹೋಗಿ ಎಳೆದೆ. ಮುದುಕಿಗೆ ಇಲ್ಲಿ ಯಾರೂ ದಿಕ್ಕಿಲ್ಲ, ನಾನಾದರೂ ಏಳಬೇಕು ಎಂದುಕೊಂಡೇ ಎರಡು ವರ್ಷ ಎದ್ದೆ. ಬಾಗಿಲು ಬಡಿಯುವ ಮೊದಲೇ ಎದ್ದು, ಒಬ್ಬನಿಗೇ ಡಿಕಾಕ್ಷನ್ ಇಳಿಸಿಕೊಂಡು ಕಾಯುವುದೂ ರೂಢಿಯಾಯಿತು.

ಆಮೇಲೆ ಅವರ ಮಂಡಿ ಪೂರ್ತಿ ಸೋತಿತು. ಅವರ ಮಗಳು ಬಂದು ಹೂಸ್ಟನ್‌ಗೆ ಕರೆದುಕೊಂಡು ಹೋದಳು. ಅಲ್ಲಿಂದಲೂ ಅವರ ಮತದಲ್ಲಿ ಫೋನು ಮುಟ್ಟಬಾರದ ಶನಿವಾರವೊಂದು ಬಿಟ್ಟು ದಿನಾ ಬೆಳಗ್ಗೆ ಫೋನು: ಇವತ್ತು ಏನು ಮಾಡುತ್ತೀಯ? ಏನಾದರೊಂದು ಹೇಳಲೇಬೇಕಿತ್ತು, ಹೇಳಿದ್ದನ್ನು ಮಾಡಲೇಬೇಕಿತ್ತು. ಚಳಿಗಾಲದ ಒಂದು ಬೆಳಗ್ಗೆ ಫೋನು ಬರಲಿಲ್ಲ. ಮಧ್ಯಾಹ್ನ ಅವರ ಮಗಳ ಮೆಸೇಜು ಬಂತು.

ಅವರಲ್ಲಿ ಮಣ್ಣು ಮಾಡುವುದು ಬೇಗ. ಡ್ರೈವ್ ಮಾಡಿ ಮುಟ್ಟುವಷ್ಟರಲ್ಲಿ ಅದೂ ಮುಗಿದಿತ್ತು. ಮನೆಯ ಬಾಗಿಲು ತೆರೆದೇ ಇತ್ತು, ಅವರ ಸೂತಕದ ಪದ್ಧತಿಯಂತೆ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದರು. ಮಗಳು ತಗ್ಗು ಸ್ಟೂಲಿನ ಮೇಲೆ ಕೂತಿದ್ದಳು. ನಾನು ಎದುರು ಕೂತೆ, ಮಾತಾಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಅವಳೇ ಕೇಳಿದಳು:

“ಕಸದ ಡಬ್ಬದವರು ನೀವೇನಾ?”

ಹೌದೆಂದೆ.

“ಡಲ್ಲಾಸಿನಲ್ಲಿ ಕೊನೆಕೊನೆಗೆ ಅಮ್ಮನಿಗೆ ಎದ್ದು ನಿಲ್ಲುವುದೇ ಕಷ್ಟವಾಗಿತ್ತು. ನನ್ನ ಜೊತೆ ಬಾ ಅಂತ ಎಷ್ಟು ಸಲ ಕರೆದೆ. ‘ನಾನು ಹೋಗಿ ಬಾಗಿಲು ಬಡಿಯದಿದ್ದರೆ ಅವನು ಏಳುವುದಿಲ್ಲ, ಅದಕ್ಕೇ ನನಗೆ ದಿನಾ ಎಚ್ಚರವಾಗುತ್ತೆ’ ಅನ್ನುತ್ತಿದ್ದಳು.”

ಹೆಂಡತಿ ಹೋದಾಗ ನಾನು ಜನರ ಮುಂದೆ ಅತ್ತಿರಲಿಲ್ಲ. ಅಲ್ಲಿ, ಗುರುತಿಲ್ಲದವರ ನಡುವೆ, ಇಬ್ಬರಿಗೂ ಸೇರಿಸಿ ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ, ಸದ್ಯ.

ಹೊರಡುವಾಗ ಬಾಗಿಲಲ್ಲಿ ಕಾಲು ನಿಂತಿತು. ಸುಮ್ಮನೆ ಹೋಗಬೇಕು, ಹುಟ್ಟಿದಾಗಿನಿಂದ ಕೇಳಿದ ಶಾಸ್ತ್ರ. ಆದರೂ ತಿರುಗಿ, “ಹೋಗಿ ಬರ್ತೀನಿ” ಎಂದೆ.

ಅವಳು ಅರ್ಥ ಕೇಳಲಿಲ್ಲ. ಅಮ್ಮ ಹೇಳಿಕೊಟ್ಟಿದ್ದಿರಬೇಕು. “ಯಾವಾಗ?” ಎಂದು ಕೇಳಿದಳು.

“ನಾಳೆ ಬೆಳಗ್ಗೆ” ಎಂದೆ. ಹೇಳಿದ ಮೇಲೆ ಹೋಗಲೇಬೇಕಲ್ಲ. ಡಲ್ಲಾಸಿಗೆ ಹೊರಟಿದ್ದವನು ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ರೂಮು ಹಿಡಿದೆ.