ಗೌರಿಯ ಲಿಥಿಯಂ

ಹೆಂಡತಿ ಮಾಡುವ ಹೋಳಿಗೆಯ ಬಗ್ಗೆ ಜಂಬ ಕೊಚ್ಚಿಕೊಳ್ಳುವ ಗಂಡಂದಿರನ್ನು ನೀವು ಕಂಡಿರುತ್ತೀರಿ. ನಾನು ಕೊಚ್ಚಿಕೊಳ್ಳುವುದು ನನ್ನಾಕೆ ನುಂಗುವ ಮಾತ್ರೆಯ ಬಗ್ಗೆ. ಹೋಳಿಗೆಯೂ ಚೆನ್ನಾಗಿರುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಇದನ್ನು ಅವಳೂ ಓದುತ್ತಾಳೆ.

ಗೌರಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಹೊಲಿಗೆ ಕಲಿಸುತ್ತಾಳೆ. ಒಂದು ಕಾಲಕ್ಕೆ ಅವಳ ಮನಸ್ಸು ವಾರಗಟ್ಟಲೆ ಹಾರುತ್ತಿತ್ತು: ನಿದ್ದೆಯಿಲ್ಲ, ಮಾತಿಗೆ ಕೊನೆಯಿಲ್ಲ, ಬೀದಿಗೆಲ್ಲ ರವಿಕೆ ಹೊಲಿದುಕೊಡುವ ಉಮೇದು. ಆಮೇಲೆ ಸೂಜಿಗೆ ದಾರ ಪೋಣಿಸಲೂ ಆಗದಷ್ಟು ಕುಸಿತ. ಡಾಕ್ಟರು ಲಿಥಿಯಂ ಬರೆದುಕೊಟ್ಟರು. ಅದು ನಿದ್ದೆ ಮಾತ್ರೆಯಲ್ಲ, ಉಪ್ಪಿನ ಬಳಗದ ಒಂದು ಲವಣ. ಮನಸ್ಸಿನ ಈ ಏರಿಳಿತವನ್ನು ಹದಕ್ಕೆ ತರುತ್ತದೆ. ಹೇಗೆಂಬುದು ಪೂರ್ತಿ ತಿಳಿದಿಲ್ಲವೆಂದು ಅವರೇ ಒಪ್ಪಿಕೊಂಡರು. ಆದರೆ ಹದಕ್ಕೂ ವಿಷಕ್ಕೂ ನಡುವಿನ ಅಂತರ ಸಣ್ಣದು. ಆಗಾಗ ರಕ್ತ ಪರೀಕ್ಷೆ ಆಗಬೇಕು, ನೀರು, ಉಪ್ಪು ಏಕಾಏಕಿ ಕಡಿಮೆಯಾಗಬಾರದು, ಕೇಳದೆ ನೋವಿನ ಗುಳಿಗೆ ನುಂಗುವಂತಿಲ್ಲ. ನಾನು ಗಂಭೀರವಾಗಿ ತಲೆಯಾಡಿಸಿದೆ. ಗೌರಿ ಕಿವಿಗೊಟ್ಟು ಕೇಳಿದಳು.

ತೊಂಬತ್ತರ ದಶಕದ ಕೊನೆಯ ಒಂದು ಸುಡುಬೇಸಿಗೆ. ಹರಿಹರದಲ್ಲಿ ನನ್ನ ಅಕ್ಕನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಅಲ್ಲಿ ಗೌರಿಗೆ ವಾಂತಿಭೇದಿ ಹಿಡಿಯಿತು. ಮರುದಿನ ಲೋಟ ಹಿಡಿಯಲಾಗದಂತೆ ಕೈ ನಡುಗಿತು, ನಡಿಗೆ ತೂರಾಡಿತು. ಅಕ್ಕ ಗಾಬರಿಯಿಂದ ಮಾತ್ರೆಯ ಡಬ್ಬಿ ಹಿಡಿದು ಬಂದಳು.

“ಮತ್ತೆ ತಲೆಗೆ ಏರೈತೆ ಕಣವ್ವಾ. ಇನ್ನೊಂದು ಮಾತ್ರೆ ನುಂಗಿ ಮಲಕ್ಕೋ.”

ಗೌರಿ ತೊದಲುತ್ತಲೇ ಹೇಳಿದಳು: “ಬ್ಯಾಡ್ರಿ ಅಕ್ಕಾರೆ. ಇದು ಮನಸ್ಸಿಂದಲ್ಲ. ಮೈಯಾಗಿನ ನೀರು, ಉಪ್ಪು ಹೋಗಿ ಲಿಥಿಯಂ ರಕ್ತದಾಗೆ ಏರೈತೆ. ಈಗ ಮಾತ್ರೆ ನುಂಗಂಗಿಲ್ಲ. ದವಾಖಾನೆಗೆ ನಡೀರಿ.”

ಸಿಕ್ಕ ಜೀಪಿನಲ್ಲಿ ದಾವಣಗೆರೆಗೆ ಧಾವಿಸಿದೆವು. ದಾರಿಯುದ್ದಕ್ಕೂ ಅವಳ ಕೈ ನನ್ನ ಕೈಯೊಳಗೆ ನಡುಗುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿಸಿದರು.

“ಇನ್ನೊಂದು ನುಂಗಿದ್ರೆ ಜೀವಕ್ಕೇ ಅಪಾಯ ಇತ್ತು. ಇಲ್ಲಿಗೆ ಕರ್ಕೊಂಡು ಬರೋ ಬುದ್ಧಿ ಯಾರದು?”

ನಾನು ಮಂಚದ ಕಡೆ ಬೆರಳು ತೋರಿಸಿದೆ. ಬುದ್ಧಿ ಅವಳದು, ಕಾಲರು ಮೇಲೆತ್ತಿಕೊಂಡದ್ದು ಮಾತ್ರ ನಾನು.

ನಡುಕ ಇಳಿದ ಮೇಲೆ ಡಾಕ್ಟರೇ ಪ್ರಮಾಣ ತಗ್ಗಿಸಿ ಮಾತ್ರೆ ಮತ್ತೆ ಶುರುಮಾಡಿದರು. ಹೊಲಿಗೆ ಯಂತ್ರದ ಸದ್ದು ಮನೆಗೆ ಮರಳಿತು. ಆಮೇಲೊಂದು ದಿನ ಅಕ್ಕ ಅವಳನ್ನು ನೋಡಲು ಬಂದಳು. ಎದುರುಮನೆಯವರು ಬಾಗಿಲಲ್ಲೇ ತಡೆದು, “ಗೌರಿ ಈಗ ಹುಷಾರಾದ್ರಾ?” ಎಂದು ದನಿ ತಗ್ಗಿಸಿ ಕೇಳಿದರು.

ಅಕ್ಕ ದನಿ ತಗ್ಗಿಸಲಿಲ್ಲ. “ಆಕಿ ಆವತ್ತೂ ಹುಷಾರೇ ಇದ್ಲು ಕಣ್ರಿ. ಹುಷಾರಿಲ್ದಾಕಿ ನಾನು!”