ಯಾವ ಕೂಸು ಯಾರ ಹೆಸರಿಗೆ

ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾವಿಬ್ಬರು ಹೆಂಗಸರು ಕೂಸುಗಳನ್ನು ನೋಡಿಕೊಳ್ಳುತ್ತೇವೆ. ಮನೆ ನನ್ನದು, ಕೆಲಸ ಇಬ್ಬರದು. ತಾಯಂದಿರು ಬೆಳಿಗ್ಗೆ ಶಾಲೆಗೋ ಆಸ್ಪತ್ರೆಗೋ ಕಚೇರಿಗೋ ಹೋಗುವಾಗ ಮಕ್ಕಳನ್ನು ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಾರೆ. ಮಕ್ಕಳು ನನ್ನನ್ನು ಅಜ್ಜಿ ಎನ್ನುತ್ತವೆ, ನನ್ನ ಜೊತೆಗಾತಿಯನ್ನು ಚಿಗವ್ವ ಎನ್ನುತ್ತವೆ. ತಾಯಂದಿರೂ ಹಾಗೆಯೇ ಕರೆಯುತ್ತಾರೆ.

ನಾನು ಮಠದ ಓಣಿಯವಳು. ಆಕೆ ಊರಂಚಿನ ಓಣಿಯವಳು, ಆಕೆಯ ಮನೆಯಲ್ಲಿ ಬುದ್ಧನ ಪಟವಿದೆ. ಆಕೆ ನಮ್ಮ ಅಡುಗೆಮನೆಗೆ ಬಂದು ಹಾಲು ಕಾಯಿಸುವುದನ್ನು ನಮ್ಮ ಅತ್ತೆ ಬದುಕಿದ್ದರೆ ಒಪ್ಪುತ್ತಿರಲಿಲ್ಲ. ಅತ್ತೆ ಈಗಿಲ್ಲ, ಹಾಗಾಗಿ ನಾನು ಉದಾರಿ.

ಬಾಗಿಲ ಪಕ್ಕದಲ್ಲಿ ನನ್ನ ಕ್ಯೂಆರ್ ಚೀಟಿ ಅಂಟಿಸಿತ್ತು. ತಾಯಂದಿರು ಕೊಡುವ ಹಣವೆಲ್ಲ ಅದಕ್ಕೇ ಬೀಳುತ್ತಿತ್ತು. ತಿಂಗಳ ಕೊನೆಗೆ ಅರ್ಧ ತೆಗೆದು ಆಕೆಯ ಕೈಗೆ ಕೊಡುತ್ತಿದ್ದೆ. ತೆರಿಗೆಯ ರಿಟರ್ನನ್ನು ಮಾತ್ರ ಪೂರ್ತಿ ಮೊತ್ತಕ್ಕೆ ನನ್ನ ಹೆಸರಿನಲ್ಲೇ ತುಂಬುತ್ತಿದ್ದೆ. ಆಕೆಗೆ ಕಾಗದಪತ್ರದ ತಾಪತ್ರಯ ಯಾಕೆ, ಇದೂ ಒಂದು ಉಪಕಾರವೇ ಎಂದು ನನ್ನ ಎಣಿಕೆ.

ಆಕೆಯ ಮನೆಗೆ ತಗಡಿನ ಸೂರು. ಅದನ್ನು ತೆಗೆಸಿ ಸ್ಲ್ಯಾಬ್ ಹಾಕಿಸಬೇಕೆಂದು ಬ್ಯಾಂಕಿಗೆ ಸಾಲ ಕೇಳಲು ಹೋದಳು. ಎರಡು ವರ್ಷದ ರಿಟರ್ನ್ ತೋರಿಸಿ ಎಂದರಂತೆ. ಆಕೆಯ ಹೆಸರಿಗೆ ಒಂದು ರೂಪಾಯಿಯ ಆದಾಯವೂ ಇರಲಿಲ್ಲ.

"ಅಕ್ಕಾರ, ಇಷ್ಟು ವರ್ಷ ನಾ ಏನೂ ದುಡದೇ ಇಲ್ಲಂತ್ರಿ," ಎಂದು ನಗುತ್ತ ಬಂದು ಹೇಳಿದಳು. ನನಗೆ ನಗು ಬರಲಿಲ್ಲ. ಉಪಕಾರ ಎಂದುಕೊಂಡಿದ್ದು ಆಕೆಯ ಸೂರಿಗೇ ಅಡ್ಡ ಬಂದಿತ್ತು.

ಒಂದು ಭಾನುವಾರ ಇಬ್ಬರೂ ಶಿಗ್ಗಾಂವಿಗೆ ಹೋಗಿ ನನ್ನ ರಿಟರ್ನ್ ತುಂಬುವ ಆಡಿಟರನ್ನು ಕಂಡೆವು. ಅರ್ಧ ಹಣವನ್ನು ಇನ್ನು ಮೇಲೆ ನನ್ನ ಅಕೌಂಟಿನಿಂದ ಆಕೆಯ ಅಕೌಂಟಿಗೆ ಹಾಕಿದರಾಯಿತಲ್ಲ ಎಂದೆ.

"ಹಂಗ ಮಾಡಿದ್ರ ಅವರು ನಿಮ್ಮ ಕಡೆ ದುಡಿಯೂ ಆಳು ಅಂತ ಕಾಣ್ತೈತ್ರಿ," ಎಂದ ಆತ. "ಯಾವ ಕೂಸು ಯಾರದಂತ ಹಂಚಿಕೊರ್ರಿ. ರೊಕ್ಕ ಅವರವರ ಅಕೌಂಟಿಗೆ ಬರ್ಲಿ, ರಿಟರ್ನ್ ಬ್ಯಾರೆ ಬ್ಯಾರೆ ತುಂಬ್ರಿ. ತೆರಿಗಿ ಏನೂ ಬೀಳೂದಿಲ್ಲ, ಕಾಗದ ಆಗ್ತೈತಿ."

ಆಸ್ತಿ ಹಂಚಿಕೊಂಡವರನ್ನು ಕಂಡಿದ್ದೇನೆ, ಕೂಸು ಹಂಚಿಕೊಂಡವರನ್ನು ಕಂಡಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಶುರು ಮಾಡಿದೆವು. "ಅಳೂ ಕೂಸೆಲ್ಲ ನಿನಗ, ನಗೂವು ನನಗ," ಎಂದೆ. ಆಕೆ ಮೊಣಕೈಯಿಂದ ತಿವಿದಳು. ಕೊನೆಗೆ, ಯಾವುದು ಯಾರ ಹತ್ತಿರ ಮಲಗುತ್ತದೋ ಅದು ಅವರದು ಎಂದು ತೀರ್ಮಾನವಾಯಿತು. ಇನ್ನೂ ಎರಡು ವರ್ಷ ತುಂಬದ ಒಂದು ಹೆಣ್ಣುಕೂಸು ಇತ್ತು. ಅದರ ತಾಯಿ ಹಿರೇಕೆರೂರಿನವರು, ಇಲ್ಲಿ ಸರ್ಕಾರಿ ಕಚೇರಿಯಲ್ಲಿ ಕೆಲಸ. ಆ ಕೂಸು ಚಿಗವ್ವನ ಹೆಗಲ ಮೇಲಲ್ಲದೆ ಬೇರೆಲ್ಲೂ ಕಣ್ಣು ಮುಚ್ಚುತ್ತಿರಲಿಲ್ಲ.

"ಅಕಿ ನನ್ನಾಕಿ, ಕೇಳೂದs ಬ್ಯಾಡ್ರಿ," ಎಂದಳು.

ಬಾಗಿಲ ಪಕ್ಕ ಎರಡನೆಯ ಚೀಟಿ ಬಂತು, ಆಕೆಯದು. ತಾಯಂದಿರಿಗೆಲ್ಲ ವಿಷಯ ತಿಳಿಸಿದೆವು. ಆಮೇಲೆ ಒಬ್ಬೊಬ್ಬರೇ ನಾನು ಒಬ್ಬಳೇ ಇರುವ ಹೊತ್ತು ನೋಡಿ ತುಳಸಿಕಟ್ಟೆಯ ಹತ್ತಿರ ಬರತೊಡಗಿದರು. ದನಿ ತಗ್ಗಿಸಿ, ಬಂದವರದೆಲ್ಲ ಒಂದೇ ಮಾತು: "ನಮ್ಮ ಕೂಸಿನ್ನ ನಿಮ್ಮ ಹೆಸರಿಗೇ ಇಟ್ಕೊರ್ರಿ." ಒಬ್ಬರಿಗೆ ನನ್ನ ನಂಬರು ಫೋನಿನಲ್ಲಿ ಮೊದಲೇ ಇತ್ತು. ಇನ್ನೊಬ್ಬರ ಯಜಮಾನರಿಗೆ ಹೊಸ ನಂಬರು ಎಂದರೆ ಹೆದರಿಕೆ. ಕಾರಣಗಳೆಲ್ಲ ಮರ್ಯಾದಸ್ಥವಾಗಿಯೇ ಇದ್ದವು. ಆ ತಿಂಗಳು ಖಾರಾ ತಿಂಡಿ ಮಾಡುವವರ ಸೊಸೆಯೊಬ್ಬಳನ್ನು ಬಿಟ್ಟು ಎಲ್ಲರೂ, ಊರಿಗೆ ಹೊಸಬರಾದ ಹಿರೇಕೆರೂರಿನವರೂ ರೂಢಿಯಂತೆ, ನನ್ನ ಚೀಟಿಗೇ ಹಾಕಿದ್ದರು.

ಕೂಸು ಕೊಡುವಾಗ ಆಕೆಯ ಕೈ ನಡೆಯುತ್ತದೆ, ಹಣ ಕೊಡುವಾಗ ಹೆಸರು ನಡೆಯುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆಕೆಗೆ ಏರಲಿಲ್ಲ, ಅಥವಾ ತೋರಿಸಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರ. ಮೊದಲಿನ ಹಂಗ ಕೈಯಾಗ ಕೊಡ್ರಿ. ತಗಡ ಇನ್ನೂ ನಾಕ್ ಮಳಿ ತಡಿತಾವ."

ಅಡುಗೆಮನೆಯಿಂದ ಚಾಕು ತಂದು ನನ್ನ ಚೀಟಿಯನ್ನು ಗೋಡೆಯಿಂದ ಕೆರೆದು ತೆಗೆದೆ. ಒಂದಿಷ್ಟು ಸುಣ್ಣವೂ ಕಿತ್ತು ಬಂತು. ಈಗ ಹಣವೆಲ್ಲ ಆಕೆಯ ಅಕೌಂಟಿಗೆ ಬರುತ್ತದೆ, ಅರ್ಧ ಅಲ್ಲಿಂದ ನನ್ನ ಅಕೌಂಟಿಗೆ. ಆಡಿಟರ ಮಾತಿನ ಪ್ರಕಾರ ಕಾಗದದ ಮೇಲೆ ನಾನೇ ಆಕೆಯ ಆಳು. ಮಠದ ಓಣಿಗೆ ತಿಳಿದರೆ ನಗುತ್ತದೆ. ನಗಲಿ.

ಮುಂದಿನ ತಿಂಗಳು ತಾಯಂದಿರು ಗೋಡೆಯ ಮುಂದೆ ಒಂದು ಗಳಿಗೆ ತಡೆದು ನಿಂತರು, ಆಮೇಲೆ ಹಣ ಹಾಕಿದರು. ಹಿರೇಕೆರೂರಿನವರೂ ಫೋನ್ ಹಿಡಿದರು. ಪರದೆಯ ಮೇಲೆ ಹೆಸರು ಬಂತು, ಅಡ್ಡಹೆಸರಿನ ಸಮೇತ.

"ಇದು ಯಾರ ಹೆಸರ್ರಿ?" ಎಂದು ನನ್ನನ್ನು ಕೇಳಿದರು.

"ನಂದರಿ," ಎಂದಳು ಚಿಗವ್ವ. ಅವರ ಕೂಸು ಆಕೆಯ ಹೆಗಲ ಮೇಲೆ ನಿದ್ದೆಯಲ್ಲಿತ್ತು.

ವರ್ಷಕ್ಕೂ ಮೇಲೆ ದಿನಾ ಕೂಸನ್ನು ಆ ಕೈಗೆ ಕೊಟ್ಟಿದ್ದರು, ಹೆಸರು ಕೇಳಿರಲಿಲ್ಲ. ಪರದೆ ನೋಡಿದರು, ಆಕೆಯ ಮುಖ ನೋಡಿದರು. ಹಣ ಹಾಕಿ, ನಿದ್ದೆಯಲ್ಲಿದ್ದ ಕೂಸನ್ನು ಎತ್ತಿಕೊಂಡು ಹೋದರು. ಸೋಮವಾರ ಬರಲಿಲ್ಲ. ನನಗೆ ಫೋನ್ ಮಾಡಿ, ಊರಿನಿಂದ ತಮ್ಮ ತಾಯಿ ಬಂದಿದ್ದಾರೆ, ಇನ್ನು ಅವರೇ ನೋಡಿಕೊಳ್ಳುತ್ತಾರೆ ಎಂದರು. ಸುಳ್ಳೆನ್ನಲಾರೆ. ಆ ಮುದುಕಿಯನ್ನು ಪೇಟೆಯಲ್ಲಿ ನಾನೇ ಕಂಡೆ, ಸೊಂಟದ ಮೇಲೆ ಕೂಸು ರಚ್ಚೆ ಹಿಡಿದಿತ್ತು.

ಆ ವಾರ ಮಧ್ಯಾಹ್ನ ಚಿಗವ್ವ ಮೂಲೆಯಲ್ಲಿ ಆ ಕೂಸಿನ ಕೌದಿ ಹಾಸಿ, ನೆನಪಾಗಿ ಮಡಚಿಟ್ಟಳು. ಮರುದಿನವೂ ಹಾಸಿದಳು. ನನಗೆ ನೋಡಲಾಗಲಿಲ್ಲ, ಒಳಗೆ ಹೋದೆ.

ರಿಟರ್ನ್ ತುಂಬುವ ಕಾಲ ಬಂದಾಗ ಮತ್ತೆ ಶಿಗ್ಗಾಂವಿಗೆ ಹೋದೆವು. ಆಡಿಟರ್ ಕಂಪ್ಯೂಟರಿನಲ್ಲಿ ಒತ್ತಿ ಒತ್ತಿ ಕೊನೆಗೊಂದು ಹಾಳೆ ಪ್ರಿಂಟ್ ತೆಗೆದು ಆಕೆಯ ಕೈಗಿತ್ತ. ಇನ್ನೊಂದು ವರ್ಷ ಹೀಗೇ ತುಂಬಿದರೆ ಸಾಲ ಸಿಗುತ್ತದೆ ಎಂದ. ಆಕೆ ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು, ಆಮೇಲೆ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಮಕ್ಕಳದು ಎಲ್ಲಿ ಬರದೀರಿ?"

"ಮಕ್ಕಳದು ಬರೂದಿಲ್ರಿ ಇದರಾಗ. ರೊಕ್ಕದ್ದಷ್ಟs."

ಆಕೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು.

"ಹಂಗಾರ ನನ್ನಾಕಿ ಬಿಟ್ಟು ಹೋಗಿದ್ದೂ ಇದರಾಗ ಕಾಣೂದಿಲ್ಲ ಬಿಡ್ರಿ," ಎಂದಳು.