ಉದಗೀರ ಬಸ್ಸಿನಲ್ಲಿ ಹೋದ ದೇವರುಗಳು

ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣಪ್ಪ ಇಳಿದ. ಅವನ ದೇವರುಗಳು ಇಳಿಯಲಿಲ್ಲ.

ಉಮರ್ಗಾದಿಂದ ಬಂದ ಉದಗೀರ ಬಸ್ಸಿನ ಬಾಗಿಲಲ್ಲಿ ಎಂದಿನಂತೆ ಇಳಿಯುವವರಿಗಿಂತ ಹತ್ತುವವರಿಗೇ ಅವಸರ. ಬುಟ್ಟಿ ಹೊತ್ತ ಹೆಂಗಸೊಬ್ಬಳು ಮೊಣಕೈಯಿಂದ ತಿವಿದದ್ದಕ್ಕೆ ಅವನ ಕೊರಳ ದಾರಗಳ ಗೊಂಚಲು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು. ಒಳಗೆ ಕಂಡಕ್ಟರ್ ಮೀನಲ ಎರಡು ಸಲ ಗಂಟೆ ಹೊಡೆದಳು. ಬಸ್ಸು ಹೊರಟಿತು. ಕಲ್ಯಾಣಪ್ಪನೂ ಹೊರಟ, ಹೊರಗಿನಿಂದ. "ಥಾಂಬಾ! ನಿಂದರಸ್ರಿ!" ಎಂದು ಮರಾಠಿ, ಕನ್ನಡ ಎರಡರಲ್ಲೂ ಕೂಗುತ್ತ ಸ್ವಲ್ಪ ದೂರ ಓಡಿದ. ಆಮೇಲೆ ದಾರಗಳೆಲ್ಲ ಪಟಪಟ ಹರಿದು, ಕಬ್ಬಿನ ಹಾಲಿನ ಗಾಡಿಯ ಮುಂದೆ ಸಾಷ್ಟಾಂಗ ಬಿದ್ದ. ಧೋತರದ ಕಚ್ಚೆ ಅಷ್ಟೊತ್ತಿಗೆ ತನ್ನ ದಾರಿ ತಾನು ಹಿಡಿದಿತ್ತು.

"ಕಾಕಾ, ನಮಸ್ಕಾರ ನನಗ ಬ್ಯಾಡ, ಮಶೀನಿಗಿ ಮಾಡ್ರಿ," ಅಂದ ಗಾಡಿಯವ.

ಕಲ್ಯಾಣಪ್ಪ ಉಮರ್ಗಾ ಹತ್ತಿರದ ತುರೋರಿಯ ಲಿಂಗಾಯತ ರೈತ. ತೊಗರಿ, ಸೋಯಾ ಬೆಳೆಯುವವ, ಮಾತಿಗೆ ಸಿಕ್ಕರೆ ಬಿಡದವ. ಹುಟ್ಟಿದಾಗ ಸ್ವಾಮಿಗಳು ಕಟ್ಟಿದ ಇಷ್ಟಲಿಂಗ ಬೆಳ್ಳಿಯ ಕರಡಿಗೆಯಲ್ಲಿ ಅವನ ಎದೆಯ ಮೇಲಿತ್ತು. ದಿನಾ ಬೆಳಿಗ್ಗೆ ಅದನ್ನು ಎಡಗೈಯಲ್ಲಿಟ್ಟು ಪೂಜಿಸದೆ ಚಹಾ ಸಹ ಮುಟ್ಟುತ್ತಿರಲಿಲ್ಲ. ಅದರಲ್ಲೇನೂ ತಕರಾರಿಲ್ಲ. ತಕರಾರು ಆ ಲಿಂಗದ ನೆರೆಹೊರೆಯದು. ಎತ್ತಿಗೆ ಜಡ್ಡಾದಾಗ ಕುರುಬರ ನಾಗಣ್ಣ ಬೀರಪ್ಪನ ಹಳದಿ ದಾರ ಕಟ್ಟಿದ. ಮಗಳ ಲಗ್ನ ತಡವಾದಾಗ ಖಂಡೋಬಾನ ಮೂರ್ತಿ ಒತ್ತಿದ ಬೆಳ್ಳಿ ಬಿಲ್ಲೆ, ಟಾಕು, ಬಂತು. ಬೋರ್‌ವೆಲ್ಲಿಗೆ ನೀರು ಬರಲೆಂದು ಯಲ್ಲಮ್ಮನ ಕವಡೆ, ಮೊಣಕಾಲು ನೋವಿಗೆ ಶನಿಯ ಕಬ್ಬಿಣದ ಉಂಗುರ, ಎಲ್ಲ ಅದೇ ಕೊರಳಿಗೆ. ಬಂದ ದೇವರನ್ನು ಕಳಿಸುವ ಧೈರ್ಯ ಅವನಿಗಿರಲಿಲ್ಲ. ಕೊರಳಿಗೆ ಹಾರವಾಗಿದ್ದದ್ದು ಭಾರವಾಯಿತು. ಅವತ್ತು ನಿಲಂಗಾಕ್ಕೆ ಬಂದದ್ದೂ ಅಲ್ಲಿಯ, ಮೈಮೇಲೆ ದೇವರು ಬರುವ ದೇವರುಷಿಯೊಬ್ಬನಿಂದ ತಾಮ್ರದ ದೇವಿ ಮುಖ ಕಟ್ಟಿಸಿಕೊಳ್ಳಲಿಕ್ಕೆ.

ಎದ್ದು ಧೂಳು ಕೊಡವಿ, ಕಚ್ಚೆ ಸರಿಮಾಡಿ, ಎದೆ ಮುಟ್ಟಿಕೊಂಡ. ಕೈಗೆ ಬರಿ ಎದೆ ಸಿಕ್ಕಿತು.

ಅವನ ತಾಯಿ ಬಂಡಮ್ಮನ ಒಂದು ಕಟ್ಟಳೆಯಿತ್ತು: ಮೈಮೇಲೆ ಲಿಂಗವಿಲ್ಲದೆ ಬಾಯಿಗೆ ಅನ್ನವಿಲ್ಲ, ನೀರೂ ಇಲ್ಲ. ಆಕೆ ಹೋಗಿ ವರ್ಷಗಳಾಗಿದ್ದವು, ಕಟ್ಟಳೆ ಹೋಗಿರಲಿಲ್ಲ. ಅವನಿಗೋ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಊಟ ತಪ್ಪಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಸುದ್ದಿ ಕೇಳಿದ ಹೆಂಡತಿ ರಂಭಾಬಾಯಿ ಫೋನಿನಲ್ಲಿ ಒದರಿದಳು: "ಮಠಕ್ಕ ಬಂದ್ರ ಸ್ವಾಮಿಗೋಳು ಹೊಸಾದು ಕಟ್ತಾರ. ಅಲ್ಲೀತನಾ ನೀರರ ಕುಡೀರಿ!"

"ಅದು ಅಲ್ಲಿ ಬಸ್ಸಿನಾಗ ಜೋತಾಡ್ಲಿಕತ್ತದ, ನಾ ಇಲ್ಲಿ ನೀರು ಕುಡೀಲೇನು?"

"ನೀವು ಬಿದ್ದು ಸತ್ರ ಅದು ಯಾರ ಕೊರಳಾಗ ಜೋತಾಡಬೇಕು?"

ಕಲ್ಯಾಣಪ್ಪ ಫೋನ್ ಇಟ್ಟ. ದೇವರುಷಿಯ ಮನೆ ಎದುರಿನ ಓಣಿಯಲ್ಲೇ ಇತ್ತು. ಅತ್ತ ತಿರುಗಿ ನೋಡದೆ ಮುಂದಿನ ಉದಗೀರ ಬಸ್ಸು ಹತ್ತಿದ.

ಶಿರೂರ ಅನಂತಪಾಳದಲ್ಲಿ ಬಸ್ಸು ನಿಂತಾಗ ಕಿಟಕಿಗೇ ಚಹಾ ಬಂತು, ಬಜಿ ಬಂತು. ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಅವನ ಒಣಗಿದ ತುಟಿ ನೋಡಿ, ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು ಹಿಡಿದಳು. ಅವನು ಕೈ ಮುಗಿದು ಬೇಡವೆಂದ. ಬೆವರು ತಣ್ಣಗಾಗುತ್ತಿತ್ತು. ಯಾರನ್ನಾದರೂ ಕರೆಯಬೇಕು ಅನ್ನಿಸಿತು. ಬೀರಪ್ಪ, ಖಂಡೋಬಾ, ಯಲ್ಲಮ್ಮ, ಶನಿ ಎಂದು ಸಾಲಾಗಿ ನೆನೆದ. ಯಾರ ಹೆಸರಿಗೂ ನಾಲಿಗೆ ಏಳಲಿಲ್ಲ. ಅವರೆಲ್ಲ ಒಂದೊಂದು ಕೆಲಸಕ್ಕೆ ಕರೆತಂದವರು, ಕೂಲಿಗೆ ಬಂದವರ ಹಾಗೆ. ಎಡಗೈ ಮಾತ್ರ ತಾನಾಗಿ ಬಿಚ್ಚಿಕೊಂಡು ತೊಡೆಯ ಮೇಲೆ ಕೂತಿತು. ಬರಿದಾದ ಆ ಅಂಗೈಯನ್ನೇ ಅವನು ಉದಗೀರದ ತನಕ ನೋಡಿದ. ತಪ್ಪು ಮಾಡಿದ ಮಗನನ್ನು ಅಪ್ಪ ಕೊರಳಪಟ್ಟಿ ಹಿಡಿದು ಎಳೆದಂತಾಗಿತ್ತು. ಎಳೆತ ಜೋರೇ ಇತ್ತು. ಆದರೆ ಎಳೆಯುವ ಕೈ ಪರಿಚಯದ್ದು ಅನ್ನಿಸಿ ಸ್ವಲ್ಪ ಅಳು ಬಂತು.

ಉದಗೀರದ ಸ್ಟ್ಯಾಂಡಿನಲ್ಲಿ ಮೊದಲಿನ ಆ ಬಸ್ಸು ಉಮರ್ಗಾದ ಕಡೆ ಮೂತಿ ಮಾಡಿ ನಿಂತಿತ್ತು. ಹತ್ತಿರ ಹೋದ ಕಲ್ಯಾಣಪ್ಪನಿಗೆ ಊದುಬತ್ತಿಯ ವಾಸನೆ ಬಂತು. ಶ್ರೀಮಂತ ಎಂಬ ಹೆಸರಿನ ಡ್ರೈವರ್ ಆ ಗೊಂಚಲನ್ನು ಗಾಜಿನ ಮುಂದೆ ತೂಗುಹಾಕಿ, ಚೆಂಡು ಹೂವಿನ ಮಾಲೆ ಏರಿಸಿ, ಕುಂಕುಮ ಬಳಿದು ಕೈ ಮುಗಿದಿದ್ದ.

"ಅದು ನಂದದರೀ," ಅಂದ ಕಲ್ಯಾಣಪ್ಪ.

"ನಿಮ್ದಾ? ದೇವರು ತಾನಾಗಿ ಗಾಡಿ ಹತ್ಯಾದ, ಕಾಕಾ. ಟಿಕೆಟ್ ಸೈತ ತಗೊಂಡಿಲ್ಲ. ನಿಲಂಗಾದಿಂದ ಇತ್ಲಾಗ ಗೇರ್ ಒಂದು ಸಲನೂ ಕಿರ್ ಅಂದಿಲ್ಲ, ನಾ ಹೇಂಗ ಕೊಡ್ಲಿ?"

ಮೀನಲ ಟಿಕೆಟ್ ಮಶೀನು ಹಿಡಿದು ಬಂದಳು. "ಅಯ್ಯ, ಓಡಿಬಂದ ಕಾಕಾ ಇವರೇ ಏನು? ಮಾಫ್ ಕರಾ ರೀ, ನೀವು ಟಾಟಾ ಮಾಡ್ಲಿಕತ್ತೀರಿ ಅಂತ ತಿಳಕೊಂಡಿದ್ದೆ!" ಡ್ರೈವರನ ಕಡೆ ತಿರುಗಿ, "ಕೊಡೋ ಮಾರಾಯಾ, ಮಂದಿ ದೇವರಿಗಿ ನೀ ಯಾಕ ಪೂಜಾರಿ ಆಗ್ತಿ?"

ಬಿಟ್ಟರೆ ಗೇರ್ ಕೆಟ್ಟೀತೆಂಬ ಭಯದಲ್ಲಿ ಶ್ರೀಮಂತ ಆ ಗೊಂಚಲನ್ನು ಹೇಗೆ ನೋಡಿದನೆಂದರೆ, ಕಲ್ಯಾಣಪ್ಪನಿಗೆ ತನ್ನದೇ ಮುಖ ಗಾಜಿನಲ್ಲಿ ಕಂಡಂತಾಯಿತು.

"ಉಳದದ್ದು ನಿನ್ನ ಕಡೇನೇ ಇರ್ಲೆಪ್ಪಾ," ಅಂದ ಕಲ್ಯಾಣಪ್ಪ. "ಆ ಬೆಳ್ಳಿ ಕರಡಿಗಿ ಒಂದು ಕೊಡು. ಅದಿಲ್ಲದ ನಾ ನೀರು ಕುಡಿಯಂಗಿಲ್ಲ."

ಡ್ರೈವರ್ ಅವನ ಬಿಳಿಚಿದ ಮುಖ ನೋಡಿ ಗೊಂಚಲು ಇಳಿಸಿದ. ಐದು ದಾರಗಳು ಓಟದಲ್ಲಿ ಒಂದಕ್ಕೊಂದು ಹೆಣೆದು ಗಂಟಾಗಿದ್ದವು. ಬಸ್ಸು ಬಿಡುವ ಹೊತ್ತು ಮೀರಿತ್ತು, ಕಂಟ್ರೋಲರ್ ಸೀಟಿ ಊದುತ್ತಿದ್ದ. ಕಲ್ಯಾಣಪ್ಪ ಬೆರಳಿನಿಂದ, ಹಲ್ಲಿನಿಂದ, ಲಿಂಗದ ಶಿವದಾರವೊಂದನ್ನೇ ಬಿಡಿಸಿಕೊಂಡ. ಕರಡಿಗೆ ತೆರೆದ. ಲಿಂಗ ಇತ್ತು. ನಳದಲ್ಲಿ ಕೈ ತೊಳೆದು, ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡು, ಕೊರಳಿಗೆ ಕಟ್ಟಿಕೊಂಡ. ಮೀನಲ ಅಲ್ಲಿಯ ತನಕ ಎರಡನೆಯ ಗಂಟೆ ಹೊಡೆಯಲಿಲ್ಲ. ಆಮೇಲೆ ತನ್ನ ಡಬ್ಬಿಯಿಂದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವನು ಅದೇ ಬಸ್ಸಿನಲ್ಲಿ ತಿನ್ನುತ್ತ ಬಂದ.

ಉಮರ್ಗಾದಲ್ಲಿ ಇಳಿಯುವಾಗ ಡ್ರೈವರ್ ಕೂಗಿದ: "ಕಾಕಾ, ಈಗ ಟೈಮ್ ಅದ. ಬಿಚ್ಚಿ ಕೊಡ್ಲೇನು ಉಳದವು?"

"ಬ್ಯಾಡ. ನೀನೂ ಕೊರಳಾಗ ಮಾತ್ರ ಹಾಕ್ಕೋಬ್ಯಾಡ."

ಮರುದಿನ ನಾಗಣ್ಣ ಸುದ್ದಿ ಕೇಳಿ ಬೀರಪ್ಪನ ಹೊಸ ದಾರ ತಂದ. ಕಲ್ಯಾಣಪ್ಪ ಅವನಿಗೆ ಊಟಕ್ಕೆ ಹಾಕಿಸಿದ, ದಾರ ಕಟ್ಟಿಸಿಕೊಳ್ಳಲಿಲ್ಲ. "ಶಾಣ್ಯಾ ಆಗೀದಿ ಬಿಡು," ಅಂತ ನಾಗಣ್ಣ ಚುಚ್ಚಿದ. ಆ ತಿಂಗಳೇ ಎತ್ತು ಮತ್ತೆ ಜಡ್ಡಾಗಿ ಮಲಗಿತು. ಕಲ್ಯಾಣಪ್ಪ ಎಡಗೈಯ ಲಿಂಗಕ್ಕೆ ಎಂದಿಗಿಂತ ಹೆಚ್ಚು ಹೊತ್ತು ಕೂತ, ದನದ ಡಾಕ್ಟರನ್ನು ಕರೆಸಿದ. ಎತ್ತು ಎದ್ದಿತು. ಏಳದಿದ್ದರೂ ಆ ಕೊರಳಿಗೆ ಬೇರೆ ದಾರ ಏರುತ್ತಿರಲಿಲ್ಲವೆಂದು ರಂಭಾಬಾಯಿಗೆ ಅನ್ನಿಸಿತ್ತು. ಗಂಡ ಅಷ್ಟು ನಿರುಮ್ಮಳವಾಗಿ ಮಲಗಿದ್ದನ್ನು ಆಕೆ ಹಿಂದೆಂದೂ ನೋಡಿರಲಿಲ್ಲ.

ಈ ಕತೆ ಮಠಕ್ಕೆ ಮುಟ್ಟಿತು. ಸೋಮವಾರದ ಪ್ರವಚನದಲ್ಲಿ ಗುರುನಾಥ ಸ್ವಾಮಿಗಳು ಅವನನ್ನು ಎಬ್ಬಿಸಿ ನಿಲ್ಲಿಸಿದರು. "ದೇವರು ಮೊದಲ ದಂಡಿಸ್ತಾನ, ಆಮ್ಯಾಲ ಅದೇ ಕೈಲಿಂದ ಎತ್ಕೋತಾನ. ಇಲ್ಲಿ ನಿಂತಾರ ನೋಡ್ರಿ, ಸಾಕ್ಷಿ! ಹೇಳ್ರಿ ಕಲ್ಯಾಣಪ್ಪನವರ, ಎಲ್ಲಾ ಕೈಯಾಗ ಬಂದಿತ್ತು. ಆ ಗಳಿಗ್ಯಾಗ ನಿಮಗ ಏನು ಹೊಳೀತು, ಒಂದೇ ಇಟ್ಕೊಂಡು ಉಳದದ್ದು ಬಿಟ್ಟು ಬಂದ್ರಿ?"

ರಂಭಾಬಾಯಿ ಸೆರಗು ಸರಿಮಾಡಿಕೊಂಡಳು. ಕಲ್ಯಾಣಪ್ಪ ಎದೆಯ ಕರಡಿಗೆ ಮುಟ್ಟಿಕೊಂಡ.

"ಗಂಟು ಭಾಳ ಬಿಗಿ ಇತ್ತರೀ ಅಪ್ಪಾರ," ಅಂದ. "ಬಸ್ ಬಿಡ್ಲಿಕತ್ತಿತ್ತು."